ನನ್ನ ಮೊಮ್ಮಗಳು ಮಾತು ಮರೆತಿರಲಿಲ್ಲ

ನನ್ನ ಮೊಮ್ಮಗಳು ಮಾತು ಮರೆತಿರಲಿಲ್ಲ. ಬೇಕೆಂದೇ ಸುಮ್ಮನೆ ಕುಳಿತಿದ್ದಳು. ನಾಟಕ ಕೆಡಿಸಿದವಳು ಅವಳಲ್ಲ, ನನ್ನ ತಮ್ಮ. ಅವನು ಹಗೆತನದಿಂದ ಕೆಡಿಸಿದ್ದರೆ ಬೈದು ಬಿಡುತ್ತಿದ್ದೆ. ಪ್ರೀತಿಯಿಂದ ಕೆಡಿಸಿದ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಊರಲ್ಲಿ ಮಾತ್ರ ಬೇರೆಯೇ ಕಥೆ ನಡೆದಿದೆ. ಹುಡುಗಿ ಸ್ಟೇಜಿನ ಮೇಲೆ ಬಾಯಿ ಕಟ್ಟಿ ಕೂತಳು, ಅವಳ ಮುತ್ಯಾ, ಅಂದರೆ ನನ್ನ ತಮ್ಮ, ಹೋಗಿ ಮಾನ ಉಳಿಸಿದ ಎಂದು ಚಹಾದಂಗಡಿಯಲ್ಲಿ ಕುಳಿತವರೆಲ್ಲ ಹೇಳುತ್ತಾರೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಶಹಾಪುರ ತಾಲೂಕಿನದು, ವನದುರ್ಗದ ಕಡೆಗೆ. ವರ್ಷಕ್ಕೊಮ್ಮೆ ಊರ ಗಂಡಸರು ಸೇರಿ ನಾಟಕ ಆಡುತ್ತಾರೆ. ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಅವರು ನಾಟಕದ ದಿನ ಮಧ್ಯಾಹ್ನ ಬಂದು, ಒಂದು ಸಲ ಮಾತು ತಿರುವಿ ಹಾಕಿ, ಬಣ್ಣ ಹಚ್ಚಿ, ಆಡಿ ಹೋಗುತ್ತಾರೆ. ಅವರ ಮೇಲೆ ನನ್ನದೇನೂ ತಕರಾರಿಲ್ಲ. ಊರೂರು ತಿರುಗಿ ಗಂಟಲು ಹರಿದುಕೊಂಡು ದುಡಿಯುವವರು. ಆದರೆ ಈ ಸಲ ತಾಯಿಯ ಪಾತ್ರ ನಾನೇ ಮಾಡುತ್ತೇನೆ ಅಂದಳು ನನ್ನ ಮೊಮ್ಮಗಳು. ಶಹಾಪುರದಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅವಳಪ್ಪ ಒಲ್ಲೆ ಅಂದ. ನಾನು ಹ್ಞೂಂ ಅಂದೆ. ಮನೆಯಲ್ಲಿ ನನ್ನ ಮಾತೇ ನಡೆಯುವುದು, ಹಾಗಾಗಿ ಅಲ್ಲಿಗೆ ಮುಗಿಯಿತು.

ಮೊದಲ ದಿನದ ತಾಲೀಮು ನೋಡಲು ಹೋದೆ. ಅಯ್ಯೋ ಶಿವನೇ. ಗಂಡಸರು ಹೇಗೆ ಒದರುತ್ತಾರೋ ಹಾಗೇ ಒದರಿದಳು. ಎರಡೂ ಕೈ ಮೇಲಕ್ಕೆತ್ತಿ, ಒಂದೊಂದು ಮಾತಿಗೂ ಕಾಲು ನೆಲಕ್ಕೆ ಬಡಿದು. ಮನೆಗೆ ಬರುವಾಗ ಕೇಳಿದಳು:

"ಹೆಂಗ ಮಾಡ್ದೆ ಆಯಿ?"

"ಕಿವುಡರ ಸಂತ್ಯಾಗ ಬೆಂಡಿಕಾಯಿ ಮಾರಿದಂಗ ಮಾಡ್ದಿ."

ಆ ಹೊತ್ತು ಅವಳು ಊಟ ಮಾಡಲಿಲ್ಲ. ನಾನೂ ಕರೆಯಲಿಲ್ಲ. ಹಸಿದರೆ ರೊಟ್ಟಿ ಎಲ್ಲಿವೆ ಎಂಬುದು ಅವಳಿಗೆ ಗೊತ್ತಿತ್ತು.

ಆಮೇಲೆ ಎಲ್ಲಿಂದಲೋ ತಿಳಿದುಕೊಂಡಳು, ಸುರಪುರದಲ್ಲಿ ರವಿವಾರಕ್ಕೊಮ್ಮೆ ಒಬ್ಬ ಹೆಣ್ಣುಮಗಳು ಅಭಿನಯ ಕಲಿಸುತ್ತಾರೆ ಎಂದು. ರಜೆಯ ದಿನ ಮಲಗುವುದು ಬಿಟ್ಟು ಬಸ್ಸು ಹತ್ತಲು ಶುರು ಮಾಡಿದಳು. ಮೊದಲ ಸಲ ಹೋಗಿ ಬಂದಾಗ ಏನು ಕಲಿಸಿದರು ಅಂತ ಕೇಳಿದೆ.

"ನಡಿಯೂದು, ಆಯಿ."

"ಬಸ್ಸಿನಾಗ ಹೋಗಿ ನಡಿಯೂದು ಕಲ್ತು ಬಂದೇನು?"

"ನಿಂದ್ರೂದು ಬ್ಯಾರೆ ಕಲಿಸ್ತಾರಂತ. ಮುಂದಿನ ವಾರ."

"ಹೋಗ್ಲಿ ಬಿಡು. ಕುಂದ್ರೂದು ಕಲಿಸೂದ್ರಾಗ ನಿನ್ನ ಮದುವಿ ಆಗಿರ್ತದ."

ನಕ್ಕಳು. ಆದರೆ ಬಿಡಲಿಲ್ಲ. ನನಗೆ ಬಲಗಿವಿ ಅಷ್ಟಾಗಿ ಕೇಳಿಸುವುದಿಲ್ಲ. ಅದನ್ನೇ ಉಪಯೋಗ ಮಾಡಿಕೊಂಡಳು. ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ತಾನು ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಪಾತ್ರದ ಮಾತನ್ನು ಮೆಲ್ಲಗೆ ಹೇಳುವಳು. ಒದರಬಾರದು, ಆದರೆ ನನಗೆ ಮುಟ್ಟಬೇಕು. ಹಾಗೆಂದು ಸುರಪುರದಲ್ಲಿ ಹೇಳಿಕೊಟ್ಟಿದ್ದರಂತೆ.

"ಕೇಳ್ತೇನು?"

"ಇಲ್ಲ."

"ಈಗ?"

"ತುಟಿ ಹಂದ್ಯಾಡೂದು ಕಾಣಸ್ತದ. ಮಾತು ಎಮ್ಮಿಗೆ ಕೇಳಿರಬೇಕು."

ಹೀಗೇ ದಿನಾ ಸಂಜೆ ನಡೆಯಿತು. ಕೆಲಸ ಮಾಡಿ ದಣಿದು ಬಂದವಳು, ಬ್ಯಾಗು ಗೂಟಕ್ಕೆ ಹಾಕಿ ನೇರವಾಗಿ ಕೊಟ್ಟಿಗೆಯ ಬಾಗಿಲಿಗೆ ಹೋಗುತ್ತಿದ್ದಳು. ಒಂದು ದಿನ ನಾನು ಸೊಪ್ಪು ಸೋಸುತ್ತಿದ್ದೆ. "ನನ್ನ ಮಗ ಇನ್ನೂ ಉಂಡಿಲ್ಲ" ಎಂದು ಯಾರೋ ನನ್ನ ಪಕ್ಕದಲ್ಲೇ ಹೇಳಿದಂತಾಯಿತು. ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಅವಳು ಅಲ್ಲೇ ದೂರದಲ್ಲಿ ನಿಂತಿದ್ದಳು, ಧ್ವನಿ ಎತ್ತಿರಲಿಲ್ಲ. ನಾನು ಹೊಗಳುವವಳಲ್ಲ. "ಕೇಳಿಸ್ತು" ಅಂದೆ, ಅಷ್ಟೇ. ಅವಳಿಗೆ ಅಷ್ಟು ಸಾಕಾಯಿತು.

ನಾಟಕದಲ್ಲಿ ಒಂದು ಸೀನಿದೆ. ಹೊಲಕ್ಕೆ ಹೋದ ಮಗನಿಗೆ ಕರೆಂಟು ಹೊಡೆದು, ಹೆಣವನ್ನು ತಂದು ಅಂಗಳದಲ್ಲಿ ಮಲಗಿಸುತ್ತಾರೆ. ತಾಯಿ ಎದೆ ಬಡಿದುಕೊಂಡು ಅಳಬೇಕು. ಹಿಂದಿನ ಕಲಾವಿದೆಯರೆಲ್ಲ ಹಾಗೇ ಮಾಡಿದ್ದು. ಇವಳು ಒಂದು ದಿನ ನನ್ನ ಹತ್ತಿರ ಬಂದು ಕೂತು, ತೀರಿಹೋದ ನನ್ನ ಗಂಡನ ಮಾತು ತೆಗೆದಳು.

"ಆಯಿ, ಮುತ್ಯಾನ ಹೆಣಾ ಮನಿಗೆ ತಂದಾಗ ನೀ ಏನ್ ಮಾಡಾಕತ್ತಿದ್ದಿ?"

"ಜ್ವಾಳಾ ಹಸನ ಮಾಡಾಕತ್ತಿದ್ದೆ."

"ಆಮ್ಯಾಲ?"

"ಆಮ್ಯಾಲೂ ಅದನ್ನೇ ಮಾಡಾಕತ್ತಿದ್ದೆ. ಹಳ್ಳು ಭಾಳ ಇದ್ವು."

ಅದು ಖರೆ. ಮೊರ ತೊಡೆಯ ಮೇಲಿತ್ತು, ಕೈ ತನ್ನಷ್ಟಕ್ಕೆ ಕಲ್ಲು ಹಳ್ಳು ಆರಿಸುತ್ತಿತ್ತು. ಯಾರೋ ಬಂದು ಮೊರ ಕಸಿದುಕೊಂಡ ಮೇಲೆ ನನಗೆ ಅಳು ಬಂತು. ಹುಡುಗಿ ಎಲ್ಲ ಕೇಳಿಸಿಕೊಂಡಳು. ಮರುದಿನ ತಾಲೀಮಿನಲ್ಲಿ ಪೇಟಿ ಮಾಸ್ತರಿಗೆ ಹೇಳಿದಳಂತೆ, ಹೆಣ ತಂದ ಮೇಲೆ ನಾನು ಸ್ವಲ್ಪ ಹೊತ್ತು ಜೋಳ ಹಸನು ಮಾಡುತ್ತ ಸುಮ್ಮನಿರುತ್ತೇನೆ, ಆಮೇಲೆ ಮಾತು ಹೇಳುತ್ತೇನೆ ಎಂದು. ಹಾರ್ಮೋನಿಯಂ ಪೇಟಿ ಬಾರಿಸುವವರೇ ನಮ್ಮಲ್ಲಿ ನಾಟಕ ಕಲಿಸುವವರು. ಉಳಿದವರು ಮನೆಗೆ ಹೋದ ಮೇಲೆ ಅವರು ಮಾಡಿಸಿ ನೋಡಿ ಒಪ್ಪಿದರು. ಇದನ್ನು ಓದುವವರು ನೆನಪಿಡಿ: ಮಾಸ್ತರಿಗೆ ಗೊತ್ತಿತ್ತು.

ಇನ್ನು ಆಯೇರಿಯ ಮಾತು. ನಮ್ಮ ಕಡೆ ನಾಟಕ ನಡೆಯುವಾಗಲೇ ಬೀಗರು, ಬಳಗದವರು ಸ್ಟೇಜು ಹತ್ತಿ ಪಾತ್ರಧಾರಿಗೆ ಹಾರ ಹಾಕಿ, ಟವೆಲ್ಲು ಹೊದಿಸಿ ಬರುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ರಾಜನಿರಲಿ, ಕಳ್ಳನಿರಲಿ, ಆಟ ನಿಲ್ಲಿಸಿ ಕೈ ಮುಗಿದು ಹಾಕಿಸಿಕೊಳ್ಳಬೇಕು. ಇದರೊಳಗೆ ಇನ್ನೊಂದು ಒಳಗುಟ್ಟಿದೆ. ಯಾರಾದರೂ ಮಾತು ಮರೆತು ತಡವರಿಸಿದರೆ ಅವರ ಕಡೆಯವರು ಗಡಿಬಿಡಿಯಿಂದ ಹಾರ ಹಿಡಿದು ಹತ್ತುತ್ತಾರೆ. ಆ ಗದ್ದಲದಲ್ಲಿ ಮರೆತವನು ಪರದೆಯ ಸಂದಿಯಿಂದ ಮಾತು ಕೇಳಿಕೊಳ್ಳುತ್ತಾನೆ. ಊರಿನ ಎಷ್ಟೋ ವೀರರ ಮಾನ ಈ ಹಾರದಿಂದಲೇ ಉಳಿದಿದೆ.

ನಾಟಕದ ದಿನ ಆ ಸೀನು ಬಂತು. ಅವಳು ಮೊರ ಹಿಡಿದು ಕುಳಿತಿದ್ದಳು. ಮಗನನ್ನು ತಂದು ಮಲಗಿಸಿದರು. ಒಮ್ಮೆ ನೋಡಿದಳು. ಮತ್ತೆ ಜೋಳದ ಕಡೆ ಕಣ್ಣು ಹಾಕಿ ಹಳ್ಳು ಆರಿಸತೊಡಗಿದಳು. ಒಂದು ಹಳ್ಳು ಹಿಡಿದು ಎಲ್ಲಿಗೆ ಒಗೆಯಬೇಕೋ ತಿಳಿಯದವಳಂತೆ ಕೈಯಲ್ಲೇ ಇಟ್ಟುಕೊಂಡಳು. ನನ್ನ ಸುತ್ತ ಕುಳಿತ ಹೆಂಗಸರು ಶೇಂಗಾ ತಿನ್ನುವುದು ನಿಲ್ಲಿಸಿದರು. ಪಕ್ಕದವಳು ನನ್ನ ಕೈ ಹಿಡಿದುಕೊಂಡಳು. ಸುಳ್ಳು ಹೇಳುವುದಿಲ್ಲ, ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ನೋಡಲಾಗಲಿಲ್ಲ. ನೋಡದಿರಲೂ ಆಗಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ನನ್ನ ತಮ್ಮ ಎದ್ದ.

ನಾಟಕ ಆಡಿಸುವ ಹಿರಿಯ ಅವನೇ. ಕೊನೆಗೆ ಹಾಕಬೇಕೆಂದು ತಂದಿದ್ದ ಹಾರವನ್ನು ಚೀಲದಿಂದ ಎಳೆದುಕೊಂಡು, ಧೋತರ ಎತ್ತಿ ಹಿಡಿದು, ಓಡಿದಂತೆ ಸ್ಟೇಜು ಹತ್ತಿದ. ಮೈಕಿನವನು ಇದನ್ನೇ ಕಾಯುತ್ತಿದ್ದವನಂತೆ ಹೆಸರು ಕೂಗಲು ಶುರು ಮಾಡಿದ. ಮಾಸ್ತರು ಪೇಟಿಯ ಮುಂದೆ ಕೂತು ಕೈ ಬೀಸಿದರು, ಯಾರೂ ನೋಡಲಿಲ್ಲ. ನನ್ನ ತಮ್ಮ ಹುಡುಗಿಯ ಕೊರಳಿಗೆ ಹಾರ ಹಾಕಿ ಬಗ್ಗಿ ಹೇಳಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು:

"ಅಂಜಬ್ಯಾಡವ್ವಾ, ನಾ ಬಂದೀನಿ. ಒಳಗಿಂದ ಮಾತು ಕೇಳ್ಕೋ."

ಒಬ್ಬ ಹತ್ತಿದರೆ ಉಳಿದವರು ಸುಮ್ಮನಿರುತ್ತಾರೆಯೇ? ಹೆಣವಾಗಿ ಮಲಗಿದ್ದವನು ನಮ್ಮೂರ ಟ್ರ್ಯಾಕ್ಟರ್ ಡ್ರೈವರು. ಅವನ ಹೆಂಡತಿಯ ಅಣ್ಣಂದಿರೂ ಹಾರ ಹಿಡಿದು ಬಂದರು. ಹೆಸರು ಕೂಗಿದ ಕೂಡಲೇ ಹೆಣ ಎದ್ದು ಕೂತಿತು. ಕೈ ಮುಗಿಯಿತು. ಹಾರ ಹಾಕಿಸಿಕೊಂಡು, ಹೂವು ನಲುಗದಂತೆ ಸರಿ ಮಾಡಿಕೊಂಡು, ಮತ್ತೆ ಸತ್ತಿತು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಹುಡುಗಿ ತನ್ನ ಮಾತು ಒಂದೂ ಬಿಡದೆ ಹೇಳಿದಳು. ಕೇಳುವವರು ಯಾರಿದ್ದರು?

ನಾಟಕ ಮುಗಿದ ಮೇಲೆ ಗಂಡಸರು ಅಲ್ಲೇ ನಿಂತು ತೀರ್ಮಾನ ಮಾಡಿದರು. ಇದೇ ನಾಟಕವನ್ನು ಮುಂದಿನ ತಿಂಗಳು ಯಾದಗಿರಿಯಲ್ಲಿ ಆಡಬೇಕಿತ್ತು. ಅಲ್ಲಿ ದೊಡ್ಡ ಮಂದಿ ಬರುತ್ತಾರೆ, ಹುಡುಗಿ ಮಾತು ಮರೆತರೆ ಇಜ್ಜತ್ ಹೋಗುತ್ತದೆ, ತಾಯಿಯ ಪಾತ್ರಕ್ಕೆ ಹೋದ ವರ್ಷದ ಕಲಾವಿದೆಯನ್ನೇ ಕರೆಸೋಣ. ಮಾಸ್ತರು ಪೇಟಿಗೆ ಬಟ್ಟೆ ಸುತ್ತುತ್ತ ಇದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಇಲ್ಲಿ ನನ್ನ ಹೊಟ್ಟೆ ಉರಿಯುವುದು ಯಾಕೆಂದರೆ, ನಾಟಕದ ನಾಯಕನಿಗೆ ಮೊದಲಿನಿಂದ ಕೊನೆಯವರೆಗೆ ಪರದೆಯ ಹಿಂದಿನಿಂದಲೇ ಮಾತು ಹೇಳಿಕೊಟ್ಟರು. ಆ ಮಾತು ನಮಗೆ ಎರಡೆರಡು ಸಲ ಕೇಳಿಸಿತು, ಮೊದಲು ಪರದೆಯಿಂದ, ಆಮೇಲೆ ಅವನ ಬಾಯಿಂದ. ಅವನಿಗೆ ಸಿಳ್ಳೆ ಹೊಡೆದರು. ಎಲ್ಲರ ಮಾತನ್ನೂ ಬಾಯಿಪಾಠ ಮಾಡಿದ ಹುಡುಗಿ ಮರೆಗುಳಿಯಾದಳು. ಗಂಡಸು ಒದರಿದರೆ ಕಲಾವಿದ, ಹೆಣ್ಣು ಉಸಿರು ಹಿಡಿದು ಕೂತರೆ ಪಾಪ, ಮರೆತಳು!

ಮನೆಗೆ ಬಂದು ಅವಳು ಬಚ್ಚಲಲ್ಲಿ ಬಣ್ಣ ತೊಳೆಯುತ್ತಿದ್ದಳು.

"ನಾ ಮರ್ತಿದ್ದಿಲ್ಲ, ಆಯಿ."

"ಗೊತ್ತದ. ಕಿವಿ ಹಿಂದ ಇನ್ನೂ ಬಣ್ಣ ಅದ, ತಿಕ್ಕು."

ಮರುದಿನ ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಂಡು ಶಹಾಪುರದ ಬಸ್ಸಿಗೆ ಹೊರಟಾಗ ನಾನೂ ಜೊತೆಗೆ ಹೊರಟು, ದಾರಿಯಲ್ಲಿ ತಮ್ಮನ ಮನೆಯ ಮುಂದೆ ಅವಳನ್ನು ನಿಲ್ಲಿಸಿದೆ. ತಮ್ಮ ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದ.

"ಯಕ್ಕಾ, ಏನು ಇಷ್ಟು ಜಲ್ದಿ? ಬಾ, ಚಹಾ ಕುಡಿ."

"ಚಹಾ ಆಮ್ಯಾಲ. ರಾತ್ರಿ ಸ್ಟೇಜ್ ಯಾಕ ಹತ್ತಿದಿ?"

"ಕೂಸು ಮಾತು ಮರ್ತಿತ್ತಲ್ಲ! ಮಂದಿ ನಗೂದ್ರಾಗ ಹೋಗಿ ಇಜ್ಜತ್ ಉಳಿಸೀನಿ."

"ಮಂದಿ ನಕ್ಕಿದ್ದು ನೀ ಹತ್ತಿದ ಮ್ಯಾಲ."

"ಅಲ್ಲ ಯಕ್ಕಾ, ನಾಟಕದಾಗ ಸುಮ್ನ ಕುಂದ್ರೂದು ಅಂದ್ರೇನು? ಅದನ್ನ ನೋಡಾಕ ಮಂದಿ ಯಾಕ ಬರಬೇಕು? ಮನ್ಯಾಗ ಎಲ್ಲಾರೂ ಸುಮ್ನೇ ಕುಂತಿರ್ತಾರ."

"ಅಕಿ ಮರ್ತಾಳ ಅಂತ ನಿಂಗ್ಯಾರು ಹೇಳಿದ್ರು?"

"ಎಲ್ಲಾರೂ ಅಂದ್ರು."

"ಅಕಿನ್ನ ಕೇಳಿದೇನು?"

ಕಡ್ಡಿ ಬಾಯಲ್ಲೇ ನಿಂತಿತು. ಕೇಳಿರಲಿಲ್ಲ. ಅವನಷ್ಟೇ ಅಲ್ಲ, ಊರಿನಲ್ಲಿ ಒಬ್ಬರೂ ಕೇಳಿರಲಿಲ್ಲ.

"ಇಲ್ಲೇ ನಿಂತಾಳ, ಕೇಳು" ಅಂದೆ.

ಅವನು ಉಗುಳಿ, ಬಾಯಿ ಒರೆಸಿಕೊಂಡು, ಸಣ್ಣ ದನಿಯಲ್ಲಿ ಕೇಳಿದ: "ಮರ್ತಿದ್ದೇನವ್ವಾ?"

"ಇಲ್ಲ ಮುತ್ಯಾ. ಮಾತು ಇತ್ತು, ಅದರ ಹೊತ್ತು ಇನ್ನೂ ಬಂದಿದ್ದಿಲ್ಲ. ಮಾಸ್ತರ್ರಿಗೂ ಗೊತ್ತದ. ಬೇಕಂದ್ರ ಎಲ್ಲಾರ ಮಾತೂ ಹೇಳ್ತೀನಿ, ಆ ಮೈಕಿನವಂದು ಸೈತ."

ತಮ್ಮನಿಗೆ ನಗು ಬಂತು, ಆದರೆ ನನ್ನ ಮುಖ ನೋಡಿ ನುಂಗಿಕೊಂಡ. "ಆ ಕಲಾವಿದಿ ಯಮ್ಮಗ ರಾತ್ರೀನೇ ಬರ್ರಿ ಅಂತ ಹೇಳಿಬಿಟ್ಟೀನಲ್ಲ ಯಕ್ಕಾ" ಅಂದ.

"ಹೇಳಿದ ಬಾಯಿಲೇ ಬ್ಯಾಡ ಅನ್ನು. ಈಗೇ ಅನ್ನು, ಆ ಹೆಣ್ಣುಮಗಳೂ ಬ್ಯಾರೆ ಊರಿನ ಕೆಲಸ ಹಿಡಿಲಿ. ಮತ್ತ ಯಾದಗಿರ್ಯಾಗ ನೀ ಎದ್ದು ನಿಂತಿ ಅಂದ್ರ, ನಾ ಹಿಂದ ಕುಂತಿರ್ತೀನಿ. ಧೋತರಾ ಜಗ್ಗತೀನಿ, ನೋಡು."

ಒಳಗಿನಿಂದ ಅವನ ಫೋನು ತಂದು ಕೈಗೆ ಕೊಟ್ಟೆ. ಬಸ್ಸು ಬರುವ ಸದ್ದಾಯಿತು, ಹುಡುಗಿ ಓಡಿದಳು. ಅವನು ಫೋನು ಹಚ್ಚಿ, ತಪ್ಪಾಯಿತು ಎಂದು ಹೇಳಿ ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ.