ಕುಷ್ಟಗಿಯಲ್ಲಿ ಕಟ್ಟಿದ ಲೋಡ್ ಟೆಸ್ಟರ್

...ಇಲ್ಲ, ಮುದುಕ ಕೆಮ್ಮಿದ್ದು ಮೊದಲೋ, ಬಲ್ಬು ಹತ್ತಿದ್ದು ಮೊದಲೋ, ಅದನ್ನೇ ನಾನು ಖಚಿತವಾಗಿ ಹೇಳಲಾರೆ. ಹೇಳಿದಾಗಲೆಲ್ಲ ಬೇರೆ ಕ್ರಮದಲ್ಲಿ ಬರುತ್ತದೆ. ಕೇಳುವವರ ಮುಖ ನೋಡಿ ನಾನೇ ಒಂದಿಷ್ಟು ಸೇರಿಸಿದ್ದೇನೆಯೇ ಎಂಬ ಅನುಮಾನವೂ ಇದೆ. ಆದರೆ ಆ ರಾತ್ರಿ ಕಲ್ಪನೆಯಲ್ಲ. ಬಿಸಿ ಗಾಜಿಗೆ ತಾಗಿ ಸುಟ್ಟ ನನ್ನ ಹೆಬ್ಬೆರಳಿನ ಕಲೆಯನ್ನು ಯಾರು ಬೇಕಾದರೂ ನೋಡಬಹುದು.

ನನಗೆ ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಐಟಿಐನಲ್ಲಿ ಜೊತೆಗೆ ಓದಿದ ಶರಣಪ್ಪ ಕುಷ್ಟಗಿಯಲ್ಲಿ ಮೋಟಾರು ಸುತ್ತುತ್ತಾನೆ. ಅವನ ಅಪ್ಪ ಹನುಮಪ್ಪ ಗ್ರಾನೈಟ್ ಪಾಲಿಶ್ ಕೆಲಸದಲ್ಲಿ ವಯಸ್ಸು ಕಳೆದವನು. ಕಲ್ಲಿನ ಪುಡಿ ಪುಪ್ಪುಸದಲ್ಲಿ ಕೂತಿತ್ತು. ಮುಖಕ್ಕೆ ಮಾಸ್ಕ್ ಹಾಕಿ ಗಾಳಿ ಒತ್ತುವ ಸಣ್ಣ ಯಂತ್ರವಿಲ್ಲದೆ ಅವನಿಗೆ ರಾತ್ರಿ ಕಳೆಯುತ್ತಿರಲಿಲ್ಲ.

ಆ ಸಂಜೆ ಸಿಡಿಲಿಗೆ ಯಂತ್ರದ ಅಡಾಪ್ಟರ್ ಸುಟ್ಟಿತು. ಹೊಸದು ಮರುದಿನ ಹುಬ್ಬಳ್ಳಿಯಿಂದ ಬರಬೇಕು. ಶರಣಪ್ಪ ಪಕ್ಕದ ಮನೆಯ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಯಂತ್ರಕ್ಕೆ ಕಟ್ಟಿ ನನಗೆ ಫೋನ್ ಮಾಡಿದ.

"ಬ್ಯಾಟ್ರಿ ಹಳೇದೈತಿ ಮಲ್ಲೇಶ, ಬೆಳಗತನ ತಡಿಯಂಗಿಲ್ಲ. ನಿನ್ನ ಹಂತ್ಯಾಕ ಹನ್ನೆರಡು ವೋಲ್ಟಿಂದು ಏನರ ಇದ್ರ ತಗೊಂಡು ಬಾರಪಾ."

ಕಂಪ್ಯೂಟರಿನ ಪವರ್ ಸಪ್ಲೈ ಹನ್ನೆರಡು ವೋಲ್ಟ್ ಕೊಡುತ್ತದೆ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸಪ್ಲೈಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಬೈಕ್ ಹತ್ತಿದೆ.

ಒಂದು ವಿಷಯ ಹೇಳಬೇಕು. ಸಪ್ಲೈಗೆ ಭಾರ ಹಾಕದೆ ಮೀಟರ್ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಸಾಯಲಿಕ್ಕೆ ಬಿದ್ದದ್ದೂ ಹನ್ನೆರಡು ತೋರಿಸುತ್ತದೆ. ಕರೆಂಟ್ ಎಳೆದಾಗಲೇ ಅದರ ಯೋಗ್ಯತೆ ತಿಳಿಯುವುದು. ಮುದುಕನ ಉಸಿರನ್ನು ಅಂಥದಕ್ಕೆ ಕಟ್ಟುವ ಮೊದಲು ಲೋಡ್ ಟೆಸ್ಟರ್ ಬೇಕಿತ್ತು. ಅದನ್ನು ಅಲ್ಲೇ, ಪಡಸಾಲೆಯಲ್ಲಿ ಕೂತು ಕಟ್ಟಿದೆವು.

ಶರಣಪ್ಪ ಕೂಡಿಟ್ಟಿದ್ದ ಟ್ರ್ಯಾಕ್ಟರಿನ ಹೆಡ್‌ಲೈಟ್ ಬಲ್ಬುಗಳು, ಐದು. ಪ್ರತಿಯೊಂದಕ್ಕೂ ಮನೆಯ ಹಳೆಯ ಬೋರ್ಡಿನಿಂದ ಕಿತ್ತ ಒಂದು ಸ್ವಿಚ್. ಒಂದೊಂದು ಬಲ್ಬು ಹಚ್ಚಿದಂತೆ ಸಪ್ಲೈ ಮೇಲಿನ ಭಾರ ಏರುತ್ತದೆ. ಹಲಗೆಯ ಮೇಲೆ ಕೂರಿಸಿದರೆ ಸುಟ್ಟು ಹೋಗುತ್ತದೆಂದು ಶರಣಪ್ಪ ಹಿತ್ತಲಿನಿಂದ ಕರಿ ಗ್ರಾನೈಟಿನ ತುಂಡೊಂದನ್ನು ತಂದ. ಅವನ ಅಪ್ಪನೇ ಉಜ್ಜಿದ ಕಲ್ಲು. ಕನ್ನಡಿಯಂತಿತ್ತು.

ಒಳಗಿನ ಕೋಣೆಯಿಂದ ಸುಯ್ಯ್... ಎಂಬ ಸದ್ದು. ಮುದುಕ ಮಾತಾಡಲು ಮಾಸ್ಕ್ ಎತ್ತಿದಾಗ ಗಾಳಿ ಹಾಗೆ ಸೋರುತ್ತಿತ್ತು.

"ಏನ್ ಮಾಡಾಕತ್ತೀಯಲೇ ಶರಣ್ಯಾ? ಮದುವಿ ಮನಿಗೆ ಲೈಟಿನ ಸರ ಕಟ್ಟಾಕತ್ತೀಯೇನು?"

"ನಿನಗ ಅಪ್ಪಾ. ಸುಮ್ಕ ಮಕ್ಕೋ."

"ನನಗಾ! ಸಾಯೋರಿಗೂ ಲೈಟ್ ಹಚ್ತಾರೇನಪಾ? ಗಂಗಾವತಿ ಇಂಜಿನೇರ್ರ, ನೀವರ ಹೇಳ್ರಿ. ಇಂವ ಸಾಲ್ಯಾಗೂ ಫೇಲು, ಮೋಟರದಾಗೂ ಫೇಲು. ಇವನ ಅವ್ವ ಸಾಯೋಮುಂದ ಡಾಕ್ಟರನ್ನ ಕರಕೊಂಡು ಬಾ ಅಂದ್ರ ದಾರಿ ತಪ್ಪಿಸ್ಕೊಂಡ ಮಗ ಇಂವ."

ಶರಣಪ್ಪ ತಲೆ ಎತ್ತಲಿಲ್ಲ. ಬೆಸುಗೆಯ ಹೊಗೆ ಅವನ ಮುಖಕ್ಕೆ ಬಡಿಯುತ್ತಿತ್ತು. ಎಷ್ಟೋ ಸಲ ಕೇಳಿದ ಹಳೆಯ ಮಾತೆಂಬುದು ಅವನ ಬಗ್ಗಿದ ಕುತ್ತಿಗೆ ನೋಡಿದರೇ ತಿಳಿಯುತ್ತಿತ್ತು.

ಹಸಿರು ವೈರು, ಕಪ್ಪು ವೈರು ಕೂಡಿಸಿದರೆ ಸಪ್ಲೈ ಕಂಪ್ಯೂಟರ್ ಇಲ್ಲದೆಯೂ ಶುರುವಾಗುತ್ತದೆ. ಮೊದಲನೆಯ ಸಪ್ಲೈ ಎರಡನೇ ಬಲ್ಬಿಗೇ ಸತ್ತಿತು. ಇನ್ನೊಂದು ಪಟ್ ಎಂದು ಸಿಡಿದು ಕೊಳೆತ ಮೀನಿನಂಥ ವಾಸನೆ ಬಿಟ್ಟಿತು. ಒಳಗೆ ಮುದುಕ ನಕ್ಕ.

ಕೊನೆಗೆ ಉಳಿದದ್ದು ತುಕ್ಕು ಹಿಡಿದ, ಹೆಸರಿನ ಚೀಟಿಯೂ ಇಲ್ಲದ ಒಂದು. ಶರಣಪ್ಪ ಮೊದಲ ಬಲ್ಬು ಹಚ್ಚಿದ. ಮೀಟರ್ ಹನ್ನೆರಡರಿಂದ ಅಲುಗಲಿಲ್ಲ.

ಒಳಗೆ ಮುದುಕನ ಉಸಿರು ತಡವರಿಸಿತು. ಕೆಮ್ಮಿರಬೇಕು ಎಂದುಕೊಂಡೆ.

ಎರಡನೆಯದು. ಉಸಿರು ಎಳೆಯಿತು... ಗರಗಸ ಹಸಿ ಕಟ್ಟಿಗೆಯಲ್ಲಿ ಸಿಕ್ಕಂತೆ. ಶರಣಪ್ಪ ಅದನ್ನು ಆರಿಸಿದ. ಉಸಿರು ಸಲೀಸಾಯಿತು. ಮತ್ತೆ ಹಚ್ಚಿದ. ಮತ್ತೆ ಗರಗಸ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ನಾನೆದ್ದು ಒಳಗೆ ಹೋದೆ. ಮಂಚದ ಕೆಳಗೆ ಬ್ಯಾಟರಿ, ಅದರಿಂದ ಯಂತ್ರಕ್ಕೆ ಎರಡು ವೈರು, ಅಷ್ಟೇ. ಗೋಡೆಯ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಟೆಸ್ಟರಿಗೂ ಅದಕ್ಕೂ ನಡುವೆ ಗೋಡೆ. ವೈರನ್ನು ಬೆರಳಲ್ಲಿ ಸವರುತ್ತಾ ನೋಡಿದೆ, ನಂಬಿಕೆ ಬರಲೆಂದು. ಮಾಸ್ಕಿನ ಅಂಚಿನಲ್ಲಿ ಗಾಳಿ ಸರಿಯಾಗಿಯೇ ಬರುತ್ತಿತ್ತು. ಮುದುಕನ ಕಣ್ಣು ನನ್ನ ಮೇಲಿತ್ತು.

ಹೊರಗೆ ಬಂದು ಪಿಸುಗುಟ್ಟಿದೆ. "ಯಾವ ಕನೆಕ್ಷನ್ನೂ ಇಲ್ಲ. ಸಾಕು ಬಿಡು. ಯಂತ್ರಕ್ಕ ಎರಡ ಬಲ್ಬಿನಷ್ಟು ಕರೆಂಟ್ ಸಾಕು. ಇದು ತಡಕೊಂಡೈತಿ. ಹಚ್ಚಿಬಿಡೋಣ ನಡಿ."

ಸುಯ್ಯ್... "ಆತೇನಲೇ? ಇಲ್ಲ ಇದೂ ನಿನ್ನಂಗ ಟುಸ್ ಅಂತೇನು?"

ಶರಣಪ್ಪ ಮೂರನೆಯ ಸ್ವಿಚ್ ಒತ್ತಿದ.

ಮುದುಕನ ನಗು ಅರ್ಧಕ್ಕೇ ನಿಂತಿತು. ಕಾಲು ಮಂಚಕ್ಕೆ ಬಡಿಯುವ ಸದ್ದು. ಶರಣಪ್ಪ ಕೇಳಿಸಿಕೊಂಡ. ಆರಿಸಿದ. ಒಳಗೆ ದೀರ್ಘವಾಗಿ ಉಸಿರು ಎಳೆದ ಸದ್ದು.

"ಅವ್ವನ ಸುದ್ದಿ ತಗೀಬ್ಯಾಡ ಅಪ್ಪಾ," ಎಂದ ಶರಣಪ್ಪ. ದನಿ ಮೆತ್ತಗಿತ್ತು. ಅಂಥ ದನಿಯನ್ನು ನಾನು ಅವನಲ್ಲಿ ಕೇಳಿರಲಿಲ್ಲ.

ಸುಯ್ಯ್... "ತಗೀತೀನಿ. ನೀನ ಕೊಂದಿ ಅಕಿನ್ನ."

ಮೂರನೆಯದು. ನಾಲ್ಕನೆಯದು.

ಪಡಸಾಲೆ ಹಗಲಾಯಿತು. ಕರಿ ಕಲ್ಲಿನೊಳಗೆ ಬಲ್ಬುಗಳು ತಲೆಕೆಳಗಾಗಿ ಉರಿಯುತ್ತಿದ್ದವು. ಬಿಸಿ ಧೂಳಿನ ವಾಸನೆ. ಸಪ್ಲೈಯ ಫ್ಯಾನು ಮಾತ್ರ ಸಮನಾಗಿ ಗುಂಯ್ ಎನ್ನುತ್ತಿತ್ತು. ನಾನು ಅವನ ರಟ್ಟೆ ಹಿಡಿದೆ.

"ಶರಣಾ, ಆರಸು. ನಿಮ್ಮಪ್ಪ ಅಂವ."

"ಪೂರ್ತಿ ಭಾರ ಹಾಕಿ ನೋಡದ ಹಚ್ಚಬಾರದು ಅಂತ ನೀನ ಹೇಳಿಲ್ಲೇನು?"

ಹೇಳಿದ್ದೆ. ಅದು ನಮ್ಮ ಕೆಲಸದ ಮೊದಲ ಪಾಠ.

ಒಳಗಿನಿಂದ ಮಾತು ಬಂತು. ಸುಯ್ಯ್ ಎಂಬ ಸದ್ದು ಈ ಸಲ ಬಂದಿರಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. ಪಡಸಾಲೆಗೆ ಬೆನ್ನಾಗುವಂತೆ ಮಲಗಿದ್ದ ಮನುಷ್ಯ. ನಾವೇನು ಮಾಡುತ್ತಿದ್ದೇವೆಂದು ಅವನಿಗೆ ಹೇಗೆ ತಿಳಿಯಬೇಕು?

"ಇನ್ನೊಂದು ಐತೆಲ್ಲಲೇ... ಅದನ್ನೂ ಹಚ್ಚು... ಅಂಜುಬುರುಕ."

ಐದನೆಯದು ಹತ್ತಿತು.

ಒಳಗೆ ಸದ್ದು ನಿಂತಿತು. ಕೆಮ್ಮಿಲ್ಲ, ಕಾಲಿನ ಬಡಿತವಿಲ್ಲ. ನಾನು ಓಡಿದೆ. ಮಾಸ್ಕ್ ಮುಖದ ಮೇಲೇ ಇತ್ತು. ಯಂತ್ರ ಗಾಳಿ ಊದುತ್ತಲೇ ಇತ್ತು. ಎದೆ ಏರಲಿಲ್ಲ. ತುಟಿಯ ಬಣ್ಣ ತಿರುಗುತ್ತಿತ್ತು. "ಕಾಕಾ, ಕಾಕಾ" ಎಂದು ಅಲುಗಾಡಿಸಿದೆ. "ಆರಸಲೇ!" ಎಂದು ಕೂಗಿದೆ. ಬಾಗಿಲ ಸಂದಿಯಿಂದ ಬರುತ್ತಿದ್ದ ಬೆಳಕು ಕಡಿಮೆಯಾಗಲಿಲ್ಲ. ತಿರುಗಿ ನೋಡಿದರೆ ಶರಣಪ್ಪ ನನ್ನ ಹಿಂದೆಯೇ ನಿಂತು ಅಪ್ಪನನ್ನು ನೋಡುತ್ತಿದ್ದ, ರಿಪೇರಿಗೆ ಬಂದ ಮೋಟಾರು ತಿರುಗುತ್ತದೋ ಇಲ್ಲವೋ ಎಂದು ನೋಡುವ ಹಾಗೆ.

ನಾನೇ ಹೊರಗೆ ಬಂದು ಸ್ವಿಚ್ಚುಗಳಿಗೆ ಕೈ ಹಾಕಿದೆ. ಹೆಬ್ಬೆರಳು ಬಲ್ಬಿಗೆ ಹತ್ತಿ ಚರ್ಮ ಅಂಟಿತು. ಒಂದು ಆರಿಸಿದೆ... ಏನೂ ಇಲ್ಲ. ಇನ್ನೊಂದು. ಮತ್ತೊಂದು. ಕೊನೆಯದೂ ಆರಿ ಕತ್ತಲಾದಾಗ ಒಳಗೆ ಉಸಿರು ಬಂತು. ಬಾವಿಯ ತಳದಿಂದ ಕೊಡ ಎಳೆದಂತೆ ಬಂತು.

ಒಳಗೆ ಹೋದೆ. ಮುದುಕ ಕಣ್ಣು ತೆರೆದಿದ್ದ. ಮಾಸ್ಕ್ ಎತ್ತಿದ. ಸುಯ್ಯ್... ಮಗನನ್ನೇ ನೋಡಿದ.

"ನಿನ್ನ ಕೈಲೆ ಇದೂ ಆಗಲಿಲ್ಲ ನೋಡು," ಎಂದ.

ಆಮೇಲೆ ಅದೇ ಸಪ್ಲೈಯನ್ನು ನಾನೇ ಯಂತ್ರಕ್ಕೆ ಕಟ್ಟಿದೆ. ಬೆಳಗಿನವರೆಗೆ ಕದಲದೆ ಹನ್ನೆರಡು ಕೊಟ್ಟಿತು. ಹೊರಡುವಾಗ ಟೆಸ್ಟರನ್ನು ಕಲ್ಲಿನ ಸಮೇತ ಗೋಣಿಚೀಲಕ್ಕೆ ಹಾಕಿಕೊಂಡೆ. ಆ ಮನೆಯಲ್ಲಿ ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಹನುಮಪ್ಪ ಇನ್ನೂ ಇದ್ದಾನೆ. ಶರಣಪ್ಪ ಆಗಾಗ ಫೋನ್ ಮಾಡುತ್ತಾನೆ. ಅದೂ ಇದೂ ಮಾತಾಡಿ ಕೊನೆಗೆ, "ಅದನ್ನೊಂದು ಸಲ ಕೊಡಪಾ, ಒಂದು ಸಪ್ಲೈ ನೋಡೋದೈತಿ," ಎನ್ನುತ್ತಾನೆ. ಅವನ ಬಳಿ ಕಂಪ್ಯೂಟರ್ ಇಲ್ಲ. ಟೆಸ್ಟರ್ ಕೆಟ್ಟಿದೆ ಎಂದು ಸುಳ್ಳು ಹೇಳುತ್ತೇನೆ.

ಕೆಟ್ಟಿಲ್ಲ. ಅಂಥ ಒಳ್ಳೆಯ ಟೆಸ್ಟರ್ ನನ್ನ ಬಳಿ ಇನ್ನೊಂದಿಲ್ಲ. ಅಂಗಡಿಯಲ್ಲಿ ದಿನವೂ ಹಚ್ಚುತ್ತೇನೆ, ಬೇಕಾದಾಗ ಐದೂ ಬಲ್ಬು. ಆ ಹೊತ್ತಿಗೆ ಕುಷ್ಟಗಿಯಲ್ಲಿ ಏನಾಗುತ್ತದೆ ನನಗೆ ಗೊತ್ತಿಲ್ಲ. ಫೋನ್ ಮಾಡಿ ಕೇಳಿಲ್ಲ.