ಮಳೆಗೆ ಹೆದರದ ಗಿಟಾರ್

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಂಚಿನದೊಂದು ಗಿಟಾರ್ ಇತ್ತು. ನಗಬೇಡಿ ಮಕ್ಕಳೇ, ಮಾಡಿಗೆ ಹೊದಿಸುವ ಅದೇ ಕೆಂಪು ಹಂಚು. ಅಪ್ಪ ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸಕ್ಕಿದ್ದರು. ಸಂಜೆ ಅವರು ಮನೆಗೆ ಬಂದರೆ ಹಸಿ ಮಣ್ಣಿನ ವಾಸನೆ ಅವರಿಗಿಂತ ಮೊದಲೇ ಒಳಗೆ ಬರುತ್ತಿತ್ತು.

ಗಿಟಾರಿನ ಹುಚ್ಚು ಇದ್ದದ್ದು ಅಕ್ಕನಿಗೆ. ನೆರೆಮನೆಯಲ್ಲಿ, ಹಡಗಿನಲ್ಲಿ ಅಡುಗೆ ಕೆಲಸ ಮಾಡಿ ಊರಿಗೆ ಬಂದಿದ್ದ ಅಜ್ಜರೊಬ್ಬರಿದ್ದರು. ಅವರ ಮರದ ಗಿಟಾರಿನಲ್ಲೇ ಅಕ್ಕ ಕಲಿತದ್ದು. ಬೆರಳ ತುದಿ ಒಡೆದು ರಕ್ತ ಬಂದರೆ ಉಪ್ಪುನೀರಿನಲ್ಲಿ ಅದ್ದಿಕೊಂಡು ಮತ್ತೆ ಅಲ್ಲಿಗೇ ಓಡುತ್ತಿದ್ದಳು. ಆದರೆ ಒಂದು ಮಳೆಗಾಲ ಆ ಗಿಟಾರ್ ತೇವ ಕುಡಿದು ಉಬ್ಬಿತು. ಅಂಟು ಬಿಟ್ಟಿತು, ಕುತ್ತಿಗೆ ಡೊಂಕಾಯಿತು, ಬೆನ್ನಿನ ಹಲಗೆ ಹಪ್ಪಳದ ಹಾಗೆ ಎದ್ದು ಬಂತು. ಅಕ್ಕ ಊಟದ ಬಟ್ಟಲಿನ ಮುಂದೆ ಕೂತು ಸುಮ್ಮನೆ ಅಳುತ್ತಿದ್ದಳು.

"ಮರಕ್ಕೆ ನಮ್ಮ ಮಳೆ ಆಗುದಿಲ್ಲ ಬಾಯ್," ಎಂದರು ಅಪ್ಪ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. "ಮೇಲೆ ಹಂಚು ನೋಡು. ಎಷ್ಟು ನೆನೆದ್ರೂ ಅದಕ್ಕೆ ಎಂತ ಆಗುದಿಲ್ಲ."

ಮುಂದಿನ ಬೇಸಗೆಯಲ್ಲಿ ಅವರು ದಿನದ ಕೆಲಸ ಮುಗಿದ ಮೇಲೆ ಕಾರ್ಖಾನೆಯಲ್ಲೇ ಕೂತು ಗಿಟಾರಿನ ಹೊಟ್ಟೆಯನ್ನು ಮಣ್ಣಿನಲ್ಲಿ ತಿದ್ದಿದರು, ನೆರಳಿನಲ್ಲಿ ಒಣಗಿಸಿದರು. ಭಟ್ಟಿಯ ಮೇಸ್ತ್ರಿ ಅದನ್ನು ನೋಡಿ, "ಎಂತ ಮಾರಾಯ, ಇನ್ನು ಮಾಡಿಗೆ ಗಿಟಾರ್ ಹೊದಿಸುದಾ?" ಎಂದು ನಕ್ಕರು. ನಕ್ಕರೂ ಹಂಚುಗಳ ನಡುವೆ ಜಾಗ ಮಾಡಿ ಒಳಗಿಟ್ಟರು.

ಬೆಂದು ಹೊರಗೆ ಬಂದಾಗ ಅಪ್ಪ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಹಂಚಿನವರ ಪರೀಕ್ಷೆ ಅದು. ಬಿರುಕು ಬಿಟ್ಟದ್ದು ಕೆಮ್ಮಿದ ಹಾಗೆ ಕೇಳುತ್ತದೆ, ಗಟ್ಟಿ ಇದ್ದದ್ದು ಗಂಟೆಯ ಹಾಗೆ. "ಬಿರುಕಿಲ್ಲ," ಎಂದರು ಅಪ್ಪ. ಅಷ್ಟು ದೊಡ್ಡ ನಗು ಅವರ ಮುಖದಲ್ಲಿ ನಾನು ಮತ್ತೆಂದೂ ನೋಡಲಿಲ್ಲ. ಹಾಲಿನ ಹುಡಿಯ ಡಬ್ಬಿಯ ತಗಡು ಅದರ ಮುಖವಾಯಿತು, ನೀರಿನ ಕಬ್ಬಿಣದ ಪೈಪು ಕುತ್ತಿಗೆಯಾಯಿತು. ತಂತಿಗಳನ್ನೂ ಅವನ್ನು ಬಿಗಿಯುವ ಕಿವಿಗಳನ್ನೂ ನೆರೆಮನೆಯ ಅಜ್ಜ ತಮ್ಮ ಹಾಳಾದ ಗಿಟಾರಿನಿಂದ ಕಿತ್ತು ಕೊಟ್ಟರು. ಎಲ್ಲಿ ಹುಡುಕಿದರೂ ಅದರಲ್ಲಿ ಮರದ ಒಂದು ಚೂರೂ ಇರಲಿಲ್ಲ.

ನಾವು ಇಗರ್ಜಿ ಎನ್ನುವ ನಮ್ಮ ಚರ್ಚಿನಲ್ಲಿ ಮೊಂತಿ ಹಬ್ಬಕ್ಕೆ, ಅಂದರೆ ಹೊಸ ತೆನೆ ಮನೆಗೆ ತರುವ ಹಬ್ಬಕ್ಕೆ, ಹಾಡುವ ಮಕ್ಕಳ ಜೊತೆ ಒಂದು ಗಿಟಾರ್ ಬೇಕಿತ್ತು. ಹಾಡು ಕಲಿಸುವ ಮಾಸ್ಟ್ರು ಅಕ್ಕನಿಗೆ, "ವಾದ್ಯ ತಂದ್ರೆ ಜಾಗ ಉಂಟು," ಎಂದು ಮಾತು ಕೊಟ್ಟಿದ್ದರು. ಆ ವರ್ಷವೆಲ್ಲ ಅಕ್ಕ ಬದುಕಿದ್ದು ಆ ಒಂದು ಮಾತಿನ ಮೇಲೆ.

ಹಬ್ಬಕ್ಕೆ ಮೊದಲಿನ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಾವು ಮೂವರೂ ಇಗರ್ಜಿಯ ಹಾಲಿಗೆ ಹೋದೆವು. ಗಿಟಾರ್ ಭಾರವಿತ್ತು. ಅಪ್ಪ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದರು. ಮಾಸ್ಟ್ರು ನಮಗೆ ಬೆನ್ನು ಹಾಕಿ, ಕಿಟಕಿಯ ಹತ್ತಿರ ತಮ್ಮ ಪಿಟೀಲನ್ನು ಶ್ರುತಿ ಮಾಡುತ್ತಿದ್ದರು. "ನುಡಿಸು," ಎಂದರು, ತಿರುಗಲಿಲ್ಲ.

ಅಕ್ಕ ಬೆಂಚಿನ ಮೇಲೆ ಕೂತು ನುಡಿಸಿದಳು. ಬಾವಿಯೊಳಗಿನಿಂದ ಯಾರೋ ಹಾಡಿದ ಹಾಗೆ ಆ ಸ್ವರ ತಂಪಾಗಿ ಎದ್ದು ಹಾಲನ್ನೆಲ್ಲ ತುಂಬಿತು. ಮಾಸ್ಟ್ರ ಬಲಗಾಲು ತಾಳ ಹಾಕತೊಡಗಿತು.

"ಒಳ್ಳೆ ಸ್ವರ ಉಂಟಲ್ಲ! ಎಲ್ಲಿಯದ್ದು ಗಿಟಾರ್?" ಎನ್ನುತ್ತ ಅವರು ತಿರುಗಿದರು. ತಿರುಗಿದವರು ಹಾಗೇ ನಿಂತರು.

"ಹಂಚಿನದ್ದು ಮಾಸ್ಟ್ರೆ," ಎಂದರು ಅಪ್ಪ ಹಿಗ್ಗಿನಿಂದ. "ಮಳೆಗೆ ಎಂತ ಆಗುದಿಲ್ಲ."

"ಗಂಜಿ ಬೇಯಿಸ್ಲಿಕ್ಕೂ ಆಗ್ತದೆ ಮಾಸ್ಟ್ರೆ!" ಎಂದ ಹಿಂದಿನ ಬೆಂಚಿನ ಹುಡುಗನೊಬ್ಬ. ಹಾಲಿಗೆ ಹಾಲೇ ನಕ್ಕಿತು. ಮಾಸ್ಟ್ರೂ ನಕ್ಕರು. ಆಮೇಲೆ ನಗು ಒರೆಸಿಕೊಂಡು, "ಇಲ್ಲಪ್ಪ, ಇದಾಗುದಿಲ್ಲ. ಹಬ್ಬದ ದಿನ ಮುಂದಿನ ಬೆಂಚಿನಲ್ಲಿ ದೊಡ್ಡ ಮನೆಯವರು ಕೂತಿರ್ತಾರೆ. ಅವರೆದುರು ಇವಳು ಮಡಕೆ ಹಿಡ್ಕೊಂಡು ಕೂತ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?" ಎಂದರು.

"ಸ್ವರ ಒಳ್ಳೆದುಂಟು ಅಂತ ನೀವೇ ಹೇಳಿದ್ರಿ ಮಾಸ್ಟ್ರೆ," ಎಂದರು ಅಪ್ಪ.

"ಹೇಳಿದೆ. ಅದು ನೋಡುವ ಮೊದಲು ಹೇಳಿದ್ದು."

ಅಪ್ಪ ಉಗುರಿನ ಸಂದಿಯ ಮಣ್ಣು ಕಾಣದ ಹಾಗೆ ಬೆರಳು ಮಡಚಿಕೊಂಡರು. ಮರದ ಗಿಟಾರ್ ತಂದಿದ್ದ ಒಬ್ಬ ಹುಡುಗನಿಗೆ ಅಕ್ಕನ ಜಾಗ ಸಿಕ್ಕಿತು. ಅವನಿಗೆ ಇನ್ನೂ ತಂತಿ ಬಿಗಿಯಲಿಕ್ಕೂ ಬರುತ್ತಿರಲಿಲ್ಲ.

ದಾರಿಯಲ್ಲಿ ಮಳೆ ಬಂತು. ಹಿಂದೆ ಬರುತ್ತಿದ್ದವರೆಲ್ಲ ವಾದ್ಯಗಳನ್ನು ಎದೆಗವಚಿಕೊಂಡು ಅಂಗಡಿಯ ಜಗಲಿಗಳಿಗೆ ಓಡಿದರು. ನಾವು ಓಡಲಿಲ್ಲ. ಬೆಡ್‌ಶೀಟ್ ಜಾರಿತು, ಅಪ್ಪ ಮತ್ತೆ ಹೊದಿಸಲಿಲ್ಲ. ತಗಡಿನ ಮೇಲೆ ಹನಿ ಬಿದ್ದಾಗಲೆಲ್ಲ ತಂತಿಗಳು ತಾವಾಗಿಯೇ ಸಣ್ಣಗೆ ಮಿಡಿಯುತ್ತಿದ್ದವು.

"ಅಪ್ಪ, ಇದಕ್ಕೆ ಎಂತ ಆಗುದಿಲ್ಲ ಅಲ್ವಾ?" ಎಂದಳು ಅಕ್ಕ.

"ಇಲ್ಲ ಬಾಯ್. ಇದಕ್ಕೆ ಎಂತ ಆಗುದಿಲ್ಲ."

ಅದಕ್ಕೆ ಏನೂ ಆಗಲಿಲ್ಲ, ನಿಜ. ಆದರೆ ಅಕ್ಕ ಮತ್ತೆ ಅದನ್ನು ಮುಟ್ಟಲಿಲ್ಲ. ಅದನ್ನೆಂದಲ್ಲ, ಯಾವ ಗಿಟಾರನ್ನೂ ಮುಟ್ಟಲಿಲ್ಲ. ನರ್ಸಿಂಗ್ ಕಲಿಯಲು ಅವಳು ಮನೆ ಬಿಟ್ಟ ಮೇಲೆ ಅಮ್ಮ ತಗಡು ಬಿಚ್ಚಿ, ಒಳಗೆ ಮಣ್ಣು ತುಂಬಿ ಮಲ್ಲಿಗೆ ನೆಟ್ಟರು. ಆ ಗಿಡಕ್ಕೆ ಅಪ್ಪ ನೀರು ಹಾಕಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಮಕ್ಕಳೇ, ಮೊನ್ನೆ ನಿಮ್ಮಲ್ಲಿ ದೊಡ್ಡವನಿಗೆ ಹೊಸ ಗಿಟಾರ್ ಬಂತಲ್ಲ, ಕಪ್ಪಗೆ ಹೊಳೆಯುವುದು? "ಅಜ್ಜ, ಇದು ಕಾರ್ಬನ್ ಫೈಬರ್. ಮರ ಇಲ್ಲವೇ ಇಲ್ಲ. ಮಳೆಯಲ್ಲಿಟ್ಟರೂ ಏನಾಗಲ್ಲ!" ಎಂದು ಅವನು ಕುಣಿದ. ಅದನ್ನು ನೋಡಲಿಕ್ಕೆ ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಸಾಲಾಗಿ ನಿಂತರು, ಯಾರೂ ಗಂಜಿಯ ಮಾತೆತ್ತಲಿಲ್ಲ. ನಿಮ್ಮ ಕಾಲದಲ್ಲಿ ಅದಕ್ಕೆ ಮರ್ಯಾದೆ ಉಂಟು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಆ ದಿನ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ನುಡಿಸಲಿ ಎಂದು ನಾನೇ ಅದನ್ನು ಅವಳ ಮಡಿಲಿಗಿಟ್ಟೆ. "ಎಷ್ಟು ಹಗುರ ಉಂಟು!" ಎಂದಳು. ತಂತಿಗಳ ಮೇಲೆ ಕೈ ಹೋಗಲಿಲ್ಲ. ಗಂಟುಗಟ್ಟಿದ ಬೆರಳನ್ನು ಮಡಚಿ, ಗೆಣ್ಣಿನಿಂದ ಅದರ ಬೆನ್ನನ್ನು ಒಮ್ಮೆ ತಟ್ಟಿ ಕಿವಿಗೊಟ್ಟಳು.

"ಬಿರುಕಿಲ್ಲ," ಎಂದು ಹೇಳಿ ಹುಡುಗನಿಗೆ ವಾಪಸು ಕೊಟ್ಟಳು.