ಆಮ್ರಪಾಲಿ ಸಿಸ್ಟರ್ ಕೇಳುವ ಮೂರು ಶಬ್ದ

ಆಮ್ರಪಾಲಿ ಸಿಸ್ಟರ್ ಸುಲಭಕ್ಕೆ ಮೋಸ ಹೋಗುವ ಹೆಂಗಸಲ್ಲ. ಔರಾದದಲ್ಲಿ ಹದಿನೆಂಟು ವರ್ಷ, ಭಾಲ್ಕಿ ಕಡೆ ಹನ್ನೆರಡು ವರ್ಷ ಮನೆಮನೆ ತಿರುಗಿ ಪೋಲಿಯೊ ಹನಿ ಹಾಕಿದವಳು. ಮಂಚದ ಕೆಳಗೆ ಅಡಗಿಸಿಟ್ಟ ಕೂಸನ್ನೂ ಹುಡುಕಿ ತೆಗೆದವಳು. ನಿವೃತ್ತಿಗೆ ಎರಡು ವರ್ಷ ಇರುವಾಗ ಮುದುಕರ ಮರೆವು ಪರೀಕ್ಷಿಸುವ ಕೆಲಸ ಬಂತು. ಮೂರು ಶಬ್ದ ಹೇಳಬೇಕು, ಗಡಿಯಾರದ ಚಿತ್ರ ಬರೆಸಬೇಕು, ಆಮೇಲೆ ಆ ಮೂರನ್ನೂ ತಿರುಗಿ ಕೇಳಬೇಕು.

ಹಾಳೆಯಲ್ಲಿ ಅಚ್ಚಾಗಿದ್ದ ಶಬ್ದಗಳನ್ನು ಊರ ಮುದುಕಿಯರು ಕಟ್ಟೆಯ ಮೇಲೆ ಕೂತು ಒಬ್ಬರಿಗೊಬ್ಬರು ಬಾಯಿಪಾಠ ಮಾಡಿಸಿಬಿಟ್ಟಿದ್ದರು. ಪಾಸಾಗುವ ಆಸೆ ಯಾರಿಗಿಲ್ಲ? ಅದಕ್ಕೇ ಆಮ್ರಪಾಲಿ ಪ್ರತಿ ಮನೆಗೂ ಬೇರೆ ಶಬ್ದ ಹೊಂದಿಸುತ್ತಿದ್ದಳು, ಅದೂ ಹೊಸ್ತಿಲಿಗೆ ಬಂದ ಮೇಲೆ, ಮನಸ್ಸಿನಲ್ಲೇ. ಈ ಕೆಲಸ ಅವಳಿಗೆ ಭಯ ಹುಟ್ಟಿಸುತ್ತಿತ್ತು. ಮೈಲೂರಿನ ಮನೆಯಲ್ಲಿ ಅವಳ ತಾಯಿ ಕೊನೆಯ ನಾಲ್ಕು ವರ್ಷ ಮಗಳನ್ನೇ "ನೀವು ಯಾರ್ರಿ?" ಎಂದು ಕೇಳುತ್ತ ತೀರಿಹೋಗಿದ್ದಳು.

ಆ ಮಧ್ಯಾಹ್ನ ಮೆಹಕರದಲ್ಲಿ ಸುಭದ್ರಾಬಾಯಿಯ ಸರದಿ. ಎಪ್ಪತ್ತೆಂಟರ ಮುದುಕಿ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಆಯಿ, ಮೂರು ಶಬ್ದ ಹೇಳ್ತೇನಿ, ನೆನಪಿಡ್ರಿ."

"ಕುಡಗೋಲ, ಕೌದಿ, ಗುಬ್ಬಿ," ಎಂದಳು ಸುಭದ್ರಾಬಾಯಿ, ಮೊರದಿಂದ ಕಣ್ಣೆತ್ತದೆ.

ಅವೇ ಮೂರು. ಈಗಷ್ಟೇ ಚಪ್ಪಲಿ ಬಿಡುವಾಗ ಹೊಂದಿಸಿದ್ದು, ಇನ್ನೂ ನಾಲಿಗೆಗೆ ಬಂದಿರಲಿಲ್ಲ. ಆಮ್ರಪಾಲಿ ಬಿಚ್ಚಿದ ಪೆನ್ನನ್ನು ಮತ್ತೆ ಮುಚ್ಚಿದಳು.

"ಯಾರ ಹೇಳಿದ್ರು ನಿಮಗ?"

"ನೀನೇ ಹೇಳ್ದಿ, ಮುಂಜಾನಿ. ಗಡಿಯಾರ ಬರಸ್ದಿ. ಚಾ ಕುಡ್ದು ಹೋದಿ."

ಪಾಪ, ಕಾಲದ ಅರಿವು ತಪ್ಪಿದೆ ಎಂದುಕೊಂಡು ಹಾಳೆಯಲ್ಲಿ ಹಾಗೇ ಬರೆದಳು. ಬರೆದ ಮೇಲೆ, ಮರೆವು ಮುದುಕಿಯದು, ತನ್ನದಲ್ಲ ಎಂದು ಅವಳಿಗೆ ಸಮಾಧಾನವಾಯಿತು, ನಾಚಿಕೆಪಡಬೇಕಾದ್ದು ಅದಕ್ಕೇ. ಮುದುಕಿಯನ್ನು ಬೀದರಿನ ದವಾಖಾನೆಗೆ ಕಳಿಸಿದರಾಯಿತು ಎಂದು ಎದ್ದು, ಪೋಲಿಯೊ ಕಾಲದ ರೂಢಿಯಂತೆ ಬಾಗಿಲ ಪಕ್ಕದ ಗೋಡೆಗೆ ತಾರೀಖು ಹಾಕಲು ಸೀಮೆಸುಣ್ಣ ತೆಗೆದಳು.

ತಾರೀಖು ಆಗಲೇ ಅಲ್ಲಿತ್ತು. ಇವತ್ತಿನದೇ. ಏಳರ ಅಂಕಿಗೆ ಅಡ್ಡಗೀಟು ಹಾಕುವ ಅವಳದೇ ಕೈಬರಹ. ಬ್ಯಾಗಿನ ತಳದಲ್ಲಿ ಸುಭದ್ರಾಬಾಯಿಯ ಹೆಸರಿನ ಇನ್ನೊಂದು ಹಾಳೆ ಸಿಕ್ಕಿತು: ಅವೇ ಶಬ್ದ, ಮೂರಕ್ಕೆ ಮೂರು, ಗಡಿಯಾರ ದುಂಡಗೆ. ಮುಂಜಾನೆ ಭಾಲ್ಕಿಯಲ್ಲಿ ಬಸ್ಸಿಳಿದದ್ದು ನೆನಪಿತ್ತು. ಆಮೇಲಿನದನ್ನು ಎಷ್ಟು ಹುಡುಕಿದರೂ ಬರೀ ಬಿಸಿಲು.

ಅವಳು ಸೆರಗಿನಿಂದ ಗೋಡೆ ಒರೆಸತೊಡಗಿದಳು.

"ಒರಸಬ್ಯಾಡ ಮಗಳ," ಎಂದಳು ಸುಭದ್ರಾಬಾಯಿ ಮೆಲ್ಲಗೆ. "ಬಾ, ಕುಂದ್ರು. ಈಗ ನಾ ಹೇಳ್ತೇನಿ, ನೀ ನೆನಪಿಡು. ಕಂದೀಲ, ಹುಣಸಿ, ಹಗ್ಗ."

ಆಮ್ರಪಾಲಿ ಕೂತಳು. ಒಳಗೊಳಗೇ ಅವನ್ನು ಜಪಿಸುತ್ತ ಚಹಾ ಕುಡಿದಳು. ಮುದುಕಿ ಊರಿನ ಬೆಳೆ, ಸೊಸೆಯ ಕೆಮ್ಮು ಎಂದು ಏನೇನೋ ಮಾತಾಡಿ, ಇವಳು ಕಪ್ಪು ಕೆಳಗಿಟ್ಟ ಮೇಲೆ ಆ ಮೂರು ಶಬ್ದ ಕೇಳಿದಳು.

"ಕಂದೀಲ," ಎಂದಳು ಆಮ್ರಪಾಲಿ. "ಹಗ್ಗ."

ಸ್ವಲ್ಪ ತಡೆದು, ಮುಖ ಅರಳಿಸಿ, ಪಾಸಾದವಳ ಹಾಗೆ ಗಟ್ಟಿಯಾಗಿ ಹೇಳಿದಳು: "ಗುಬ್ಬಿ."